ಇಂಗ್ಲೆಂಡಿನಲ್ಲಿ ಜೇಬಿಗೆ ತಕ್ಕ ಚಾಕು: ಒಪಿನೆಲ್ 5

ಫ್ರಾನ್ಸಿನ ಸವಾಯ್ ಪ್ರಾಂತ್ಯದಲ್ಲಿ 1890ರಲ್ಲಿ ಹುಟ್ಟಿದ ಒಪಿನೆಲ್ ಮಡಚುಚಾಕುಗಳಲ್ಲಿ ಹೆಚ್ಚು ಹೆಸರಾದದ್ದು 8ನೇ ಸಂಖ್ಯೆಯದು. ಆದರೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ದಿನವೂ ಜೇಬಿನಲ್ಲಿಟ್ಟುಕೊಳ್ಳಲು ಚಾಕು ಹುಡುಕುತ್ತಿದ್ದರೆ 5ನೇ ಸಂಖ್ಯೆಯದನ್ನೇ ಕೊಳ್ಳಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಅಲ್ಲಿನ 1988ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆಯ 139ನೇ ಕಲಮಿನಂತೆ, ಸಾರ್ವಜನಿಕ ಸ್ಥಳದಲ್ಲಿ ಅಲಗುಳ್ಳ ವಸ್ತುವನ್ನು ಸಕಾರಣವಿಲ್ಲದೆ ಇಟ್ಟುಕೊಂಡಿರುವುದೇ ಅಪರಾಧ. ಗರಿಷ್ಠ ಶಿಕ್ಷೆ 4 ವರ್ಷಗಳ ಸೆರೆವಾಸ. ಅಲಗಿನ ಹರಿತವಾದ ಅಂಚು 3 ಅಂಗುಲ (ಸುಮಾರು 7.6 ಸೆಂ.ಮೀ.) ಮೀರದ, ಮಡಚುವ ಜೇಬುಚಾಕಿಗೆ ಮಾತ್ರ ವಿನಾಯಿತಿ ಇದೆ. ಬಿಚ್ಚಿದಾಗ ಲಾಕ್ ಆಗುವ ಚಾಕು ಎಷ್ಟೇ ಚಿಕ್ಕದಾಗಿದ್ದರೂ ಈ ವಿನಾಯಿತಿಗೆ ಒಳಪಡದೆಂದು ನ್ಯಾಯಾಲಯ ತೀರ್ಪಿತ್ತಿದೆ. 8ನೆಯದರ ಅಲಗು 8.5 ಸೆಂ.ಮೀ. ಇದ್ದು, ಅದನ್ನು ಬಿಗಿಹಿಡಿಯುವ ಉಂಗುರವೂ ಇರುವುದರಿಂದ ಅದು ಎರಡು ಕಾರಣಕ್ಕೂ ಹೊರಗುಳಿಯುತ್ತದೆ. 5ನೆಯದರ ಅಲಗು 6 ಸೆಂ.ಮೀ., ಉಂಗುರವಿಲ್ಲ. ನಾನು ಕೊಂಡ ಅಂಗಡಿಯಲ್ಲಿ ಇವೆರಡನ್ನೂ ಅಕ್ಕಪಕ್ಕ ಇಟ್ಟಿದ್ದರೂ ಈ ವ್ಯತ್ಯಾಸವನ್ನು ತಿಳಿಸುವ ಒಂದು ಸಾಲೂ ಇರಲಿಲ್ಲ; ಇದು ಗ್ರಾಹಕನಿಗೆ ಮಾಡುವ ಅನ್ಯಾಯ.

ಬಳಕೆಯಲ್ಲಿ 5ನೆಯದು ಹಣ್ಣು, ಚೀಸ್, ಹುರಿ, ಪೊಟ್ಟಣಗಳಿಗೆ ಧಾರಾಳವಾಗಿ ಸಾಕು. ತೆಳುವಾದ ಅಲಗು ಸೇಬನ್ನು ಸೀಳದೆ ನಯವಾಗಿ ಕೊಯ್ಯುತ್ತದೆ. ಕಾರ್ಬನ್ ಉಕ್ಕಿನ ಅಲಗನ್ನು ಮಸೆಯುವುದು ಸುಲಭವಾದರೂ ಹುಳಿ ತಾಗಿದರೆ ಅದು ಕಪ್ಪಾಗುತ್ತದೆ, ಒದ್ದೆಯಾಗಿಟ್ಟರೆ ತುಕ್ಕು ಹಿಡಿಯುತ್ತದೆ. ಮಳೆಯ ದೇಶಕ್ಕೆ ಸ್ಟೇನ್‌ಲೆಸ್ ಅಲಗೇ ಲೇಸು. ನೆನೆದ ಮರದ ಹಿಡಿ ಉಬ್ಬಿದಾಗ ಅಲಗು ಬಿಚ್ಚಲು ಕಷ್ಟವಾಗುತ್ತದೆ. ಉಂಗುರವಿಲ್ಲದ ಕಾರಣ, ತುದಿಯಿಂದ ಚುಚ್ಚಿ ತೂತು ಮಾಡುವ ಕೆಲಸಕ್ಕೆ ಇದನ್ನು ಬಳಸಲೇಬಾರದು, ಅಲಗು ಬೆರಳಿನ ಮೇಲೆ ಮಡಚಿಕೊಳ್ಳಬಹುದು.

ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಅಡಿಕೆ ತೋಟಕ್ಕೆ ಹೋಗುವವರನ್ನು ನೋಡುತ್ತ ಬೆಳೆದ ಮಲೆನಾಡಿನವರಿಗೆ ಈ ಕಾನೂನು ಅತಿಯೆನಿಸಬಹುದು. ಭಾರತದ 2016ರ ಆಯುಧ ನಿಯಮಗಳು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಿರುವ ಅಲಗುಗಳನ್ನು ಆಯುಧಗಳೆಂದು ಪಟ್ಟಿಮಾಡಿ, ಮನೆಬಳಕೆಯ ಹಾಗೂ ಕೃಷಿಯ ಸಲಕರಣೆಗಳನ್ನು ಕೈಬಿಟ್ಟಿವೆ. ಇಂಗ್ಲೆಂಡಿನಲ್ಲಿಯೂ ಕೆಲಸಕ್ಕೆ ಚಾಕು ಒಯ್ಯುವ ಬಾಣಸಿಗನಿಗೆ, ಕಿರ್ಪಾನ್ ಧರಿಸುವ ಸಿಖ್ಖರಿಗೆ, ರಾಷ್ಟ್ರೀಯ ಉಡುಪಿನ ಭಾಗವಾಗಿ ಧರಿಸುವವರಿಗೆ ಕಾನೂನಿನ ರಕ್ಷಣೆ ಉಂಟು. ಆದರೆ ಕಾರಣವನ್ನು ರುಜುವಾತುಪಡಿಸುವ ಹೊಣೆ ಚಾಕು ಇಟ್ಟುಕೊಂಡವರದು. ಇನ್ನೊಬ್ಬರಿಗೆ ಗಾಯ ಮಾಡುವ ಉದ್ದೇಶವಿದ್ದರೆ ಅಲ್ಲಿನ 1953ರ ಅಪರಾಧ ತಡೆ ಕಾಯ್ದೆಯಡಿ ಈ ಪುಟ್ಟ ಚಾಕೂ ಆಯುಧವೇ.

8ನೆಯದು ಬೇಕೇ ಬೇಕೆನ್ನುವವರು ಅದನ್ನು ಮನೆಯ ಅಡುಗೆಗೂ ಕಾಡಿನಲ್ಲಿ ಬಿಡಾರ ಹೂಡುವ ದಿನಗಳಿಗೂ ಮೀಸಲಿಟ್ಟು, ಹಿಂದಿರುಗಿದ ಕೂಡಲೇ ಕಾರಿನಿಂದ ತೆಗೆದು ಒಳಗಿಡಲಿ. ಬರಿಯ ಮರೆವನ್ನು ಅಲ್ಲಿನ ನ್ಯಾಯಾಲಯಗಳು ಸಕಾರಣವೆಂದು ಒಪ್ಪುವುದಿಲ್ಲ.