ಕೆನಡಿ ಹತ್ಯೆ: ಎರಡು ವರದಿಗಳಲ್ಲಿ ಮೊದಲು ಯಾವುದು?

ಧಾರವಾಡದ ಕಾಲೇಜು ಚರ್ಚಾಕೂಟಕ್ಕೆ ಅಮೆರಿಕ ಅಧ್ಯಕ್ಷ ಕೆನಡಿಯವರ 1963ರ ಹತ್ಯೆಯ ವಿಷಯ ಹಿಡಿದವರು, ಅದರ ತನಿಖೆ ನಡೆಸಿದ ವಾರನ್ ಆಯೋಗದ 1964ರ ವರದಿಯಿಂದಲೇ ಶುರು ಮಾಡಬೇಕು. 888 ಪುಟ. ಮೂರು ಗುಂಡು, ಹಾರಿಸಿದವ ಆರೋಪಿ ಆಸ್ವಾಲ್ಡ್ ಒಬ್ಬನೇ ಎನ್ನುತ್ತದೆ. ಒಂದೇ ಗುಂಡು ಕೆನಡಿಯವರ ಕುತ್ತಿಗೆ ದಾಟಿ ಅದೇ ಕಾರಿನಲ್ಲಿ ಮುಂದೆ ಕುಳಿತಿದ್ದ ಟೆಕ್ಸಾಸ್ ಗವರ್ನರ್ ಕಾನಲಿಯವರಿಗೂ ತಗುಲಿತೆಂಬ ಮಾತಿನಲ್ಲೇ ಜನರ ಅನುಮಾನ ಬೇರು ಬಿಟ್ಟಿದೆ. ಆ ಭಾಗವನ್ನು ಕಾರಿನ ಆಸನಗಳ ನಕ್ಷೆ ಬರೆದಿಟ್ಟುಕೊಂಡೇ ಓದಿ.

ಎರಡನೆಯದು 1979ರ ವರದಿ. ಅದನ್ನು ಕೊಟ್ಟ ಅಮೆರಿಕದ ಸಂಸದೀಯ ಸಮಿತಿ ಆ ಒಂದು ಗುಂಡಿನ ವಾದವನ್ನು ಒಪ್ಪಿತು. ಆದರೂ ‘ಬಹುಶಃ ಸಂಚು’ ಎಂದಿತು. ಮುಖ್ಯ ಆಧಾರ, ಪೊಲೀಸ್ ರೇಡಿಯೊ ಧ್ವನಿಮುದ್ರಣದಲ್ಲಿನ ನಾಲ್ಕನೇ ಗುಂಡಿನ ಸದ್ದು, ಅಂದರೆ ಇನ್ನೊಬ್ಬ ಗುಂಡು ಹಾರಿಸಿದವನಿದ್ದ ಎಂಬ ಸುಳಿವು. ಹೆಚ್ಚಿನವರು ಎಡವುವುದು ಇಲ್ಲೇ. 1982ರಲ್ಲಿ ವಿಜ್ಞಾನಿಗಳ ತಂಡ ಅದೇ ಮುದ್ರಣದಲ್ಲಿ ಶೆರಿಫ್ (ಅಲ್ಲಿನ ಕೌಂಟಿಯ ಪೊಲೀಸ್ ಮುಖ್ಯಸ್ಥ) ಹತ್ಯೆಯ ನಂತರ ಆಡಿದ ಮಾತಿನ ದನಿ ಬೆರೆತಿದ್ದನ್ನು ಹಿಡಿದು, ಆ ಸದ್ದುಗಳು ಹತ್ಯೆಯಾಗಿ ಸುಮಾರು ಒಂದು ನಿಮಿಷದ ನಂತರದ್ದು ಎಂದಿತು. ಸಂಚಿನ ಪರ ವಾದಿಸುವವರು ಇದನ್ನು ಓದದೆ ವೇದಿಕೆ ಹತ್ತಲೇಬಾರದು.