ಭಟ್ರ ತಲೆಗೆ ಐದು, ಟ್ಯಾಬ್‌ಗೆ ಎರಡೂವರೆ

ಬಸವನಗುಡಿ ಕಡೆಯ ಹಳೇ ಉಡುಪಿ ಹೋಟೆಲ್ ಇದು. ಹೆಸರು ಹಾಕುತ್ತಿಲ್ಲ. ಸ್ವಲ್ಪ ಬೈಯುವುದಿದೆ, ಅದೂ ಅಲ್ಲದೆ ಭಾನುವಾರ ಅಲ್ಲಿ ಈಗಲೇ ಕೂರಲು ಜಾಗ ಸಿಗುವುದಿಲ್ಲ.

ತಿಂಡಿ ವಿಷಯ ಮೊದಲು ಮುಗಿಸಿಬಿಡುತ್ತೇನೆ. ಮಸಾಲೆ ದೋಸೆ ಅಂಚಲ್ಲಿ ಗರಿಗರಿ, ನಡುವೆ ಮೆತ್ತಗೆ, ಒಳಗೆ ಕೆಂಪು ಚಟ್ನಿ. ಇಡ್ಲಿ ಸುಮಾರು. ಸಾಂಬಾರಿಗೆ ಬೆಲ್ಲ ಜಾಸ್ತಿ, ಆದರೆ ಉಡುಪಿ ಹೋಟೆಲಿಗೆ ಹೋಗಿ ಅದನ್ನು ದೂರಿದರೆ ತಪ್ಪು ನಮ್ಮದೇ. ಕಾಫಿಗೆ ಮಾತಿಲ್ಲ. ನಾನು ಬರೆಯಲು ಕೂತಿದ್ದು ಸಪ್ಲೈ ಬಗ್ಗೆ.

ಅಲ್ಲಿ ಹಳೇ ಸಪ್ಲೈಯರ್ ಒಬ್ಬರಿದ್ದಾರೆ, ಎಲ್ಲರೂ ಭಟ್ರು ಅಂತಲೇ ಕರೆಯುತ್ತಾರೆ. ಚೀಟಿ ಇಲ್ಲ, ಪೆನ್ನಿಲ್ಲ. ನಾಲ್ಕು ಟೇಬಲ್ಲಿನ ಆರ್ಡರ್ ಕೇಳಿಕೊಂಡು ಅಡುಗೆಮನೆ ಕಿಂಡಿ ಹತ್ತಿರ ಹೋಗಿ "ಮೂರು ಮಸಾಲೆ, ಅದ್ರಲ್ಲಿ ಒಂದಕ್ಕೆ ಕೆಂಪು ಚಟ್ನಿ ಬೇಡ, ಎರಡು ಇಡ್ಲಿ ವಡೆ ಡಿಪ್, ಒಂದು ಖಾರಾಬಾತ್" ಅಂತ ಒಂದೇ ಉಸಿರಿಗೆ ಕೂಗುತ್ತಾರೆ. ಬಿಲ್ಲೂ ಬಾಯಲ್ಲೇ. ನಮ್ಮಪ್ಪ ಇಪ್ಪತ್ತು ವರ್ಷದಿಂದ ಹೇಳುತ್ತಿರುವುದು ಒಂದೇ ಮಾತು: "ಭಟ್ರದ್ದು ಕಂಪ್ಯೂಟರ್ ತಲೆ ಕಣೋ."

ಎರಡು ತಿಂಗಳ ಹಿಂದೆ ಮಾಲೀಕರು ನಿಜವಾದ ಕಂಪ್ಯೂಟರನ್ನೇ ತಂದರು. ಹೊಸ ಹುಡುಗರ ಕೈಗೆ ಆರ್ಡರ್ ಒತ್ತಲು ಒಂದೊಂದು ಟ್ಯಾಬ್ ಬಂತು. ಭಟ್ರು ಮುಟ್ಟಲಿಲ್ಲ. ಹೀಗಾಗಿ ಹೊರಗಿನ ಸಾಲಿಗೆ ಟ್ಯಾಬ್, ಒಳಗಿನ ಸಾಲಿಗೆ ಭಟ್ರು. ನನ್ನ ಹೊಟ್ಟೆಪಾಡೇ ಡೇಟಾಬೇಸ್ ಕೆಲಸ, ಸುಮ್ನೆ ಬಿಡಲು ಮನಸ್ಸಾಗಲಿಲ್ಲ. ಎರಡು ಭಾನುವಾರ ಹೋಗಿ ಎರಡನ್ನೂ ನೋಡಿಬಂದೆ.

ಮೊದಲ ವಾರ ಟ್ಯಾಬ್. "ಒಂದು ಮಸಾಲೆ, ಸ್ವಲ್ಪ ಕೆಂಪಗೆ ಹುಯ್ಯೋಕೆ ಹೇಳಿ" ಅಂದೆ. ಹುಡುಗ ಪರದೆ ಮೇಲೆ ಬೆರಳಾಡಿಸಿ ಆಡಿಸಿ, "ಸರ್, ಕೆಂಪಗೆ ಅಂತ ಇಲ್ಲ" ಅಂದ. ಬಾಯಲ್ಲಿ ಹೇಳಿಬಿಡಪ್ಪಾ ಅಂದರೆ ಹೊರಗಿನ ಸಾಲಿಗೆ ಅಡುಗೆಮನೆಯವರು ಈಗ ಟ್ಯಾಬ್ ಕಳಿಸಿದ ಚೀಟಿ ಬಿಟ್ಟು ಬೇರೇನೂ ನೋಡುವುದಿಲ್ಲವಂತೆ. ಆಮೇಲೆ ನಮ್ಮ 2ನೇ ಟೇಬಲ್ಲಿನ ತಿಂಡಿ 12ನೇ ಟೇಬಲ್ಲಿಗೆ ಹೋಯಿತು. ಅವರು ಮರ್ಯಾದಸ್ಥರು, ವಾಪಸ್ ಕಳಿಸಿದರು, ಅಷ್ಟರಲ್ಲಿ ಒಂದು ವಡೆ ಖಾಲಿಯಾಗಿತ್ತು. ಟ್ಯಾಬನ್ನು ಬೈದು ಪ್ರಯೋಜನವಿಲ್ಲ, ಒತ್ತಿದ್ದನ್ನೇ ಅದು ಕಳಿಸಿದ್ದು. ಬಿಲ್ ಮಾತ್ರ ಪೈಸೆಗೆ ಪೈಸೆ ಸರಿ.

ಮುಂದಿನ ವಾರ ಏಳು ಜನ ಭಟ್ರ ಸಾಲಿನಲ್ಲಿ ಕೂತೆವು. ಆರ್ಡರ್ ಹೇಳಿ, ಅವರು ಆಚೆ ತಿರುಗಿದ ಕೂಡಲೇ ನಾನೂ ಅತ್ತೆಯೂ ಜಾಗ ಬದಲಿಸಿಕೊಂಡೆವು. ಸ್ವಲ್ಪ ಕಿಡಿಗೇಡಿತನವೇ, ಒಪ್ಪುತ್ತೇನೆ. ಕೈ ಮೇಲೆ ತಟ್ಟೆ ಜೋಡಿಸಿಕೊಂಡು ಬಂದವರು ಐದನ್ನು ಸರಿಯಾಗಿ ಇಟ್ಟರು, ನನ್ನ ದೋಸೆ ಅತ್ತೆಗೆ, ಅತ್ತೆಯ ಖಾರಾಬಾತ್ ನನಗೆ. ನಾವು ನಕ್ಕಾಗ "ಹೀಗೆ ಕುರ್ಚಿ ಬದಲಿಸಿದ್ರೆ ನನ್ನ ಲೆಕ್ಕ ತಪ್ಪುತ್ತೆ ಮಾರಾಯ್ರೆ" ಅಂದರು. ಅಂದರೆ ಅವರು ನೆನಪಿಟ್ಟುಕೊಳ್ಳುವುದು ಪಟ್ಟಿಯನ್ನಲ್ಲ, ಯಾವ ಕುರ್ಚಿಗೆ ಯಾವ ತಟ್ಟೆ ಅನ್ನುವ ಚಿತ್ರವನ್ನು. ಅಮೆರಿಕದಲ್ಲಿ ಒಬ್ಬ ವೇಟರ್ 20 ಜನರ ಊಟದ ಆರ್ಡರನ್ನು ಬರೆದುಕೊಳ್ಳದೆ ನೆನಪಿಡುತ್ತಿದ್ದ. ಆಂಡರ್ಸ್ ಎರಿಕ್ಸನ್ ಮತ್ತು ಪೀಟರ್ ಪೋಲ್ಸನ್ ಅನ್ನುವ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲಿ ಅವನನ್ನು ಕೂರಿಸಿಕೊಂಡು ಪರೀಕ್ಷೆ ಮಾಡಿದರು. ಗುಟ್ಟು ಇಂಥದ್ದೇ: ಸಲಾಡ್ ಮೇಲಿನ ಡ್ರೆಸಿಂಗ್‌ಗಳ ಮೊದಲ ಅಕ್ಷರ ಸೇರಿಸಿ ಒಂದು ಪದ ಮಾಡಿಕೊಳ್ಳುವುದು, ಮಾಂಸ ಎಷ್ಟು ಬೇಯಬೇಕು ಅನ್ನುವುದನ್ನು ತಲೆಯಲ್ಲೇ ಗೆರೆ ಎಳೆದು ನೋಡುವುದು.

ಅಪ್ಪ ಅವತ್ತು ಟೀ ಹೇಳಿದ್ದರು. ಬಂದಿದ್ದು ಸಕ್ಕರೆ ಇಲ್ಲದ ಕಾಫಿ. ಇಪ್ಪತ್ತು ವರ್ಷದಿಂದ ಅವರು ಕುಡಿಯುವುದು ಅದನ್ನೇ. ಈ ತಪ್ಪನ್ನು ಟ್ಯಾಬ್ ಯಾವತ್ತೂ ಮಾಡುವುದಿಲ್ಲ, ಯಾಕೆಂದರೆ ಅದಕ್ಕೆ ಅಪ್ಪ ಯಾರು ಅಂತಲೇ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ನೆನಪು ಒಂದು ಕಡೆ, ಲೆಕ್ಕ ಮಾಡುವ ಚಿಪ್ ಇನ್ನೊಂದು ಕಡೆ. ಫೈಲ್ ಎಷ್ಟು ಸಲ ತೆಗೆದು ನೋಡಿದರೂ ಅದು ಬದಲಾಗುವುದಿಲ್ಲ. ತಲೆಯಲ್ಲಿ ಹಾಗಲ್ಲ, ಸುಮಾರು 8600 ಕೋಟಿ ನರಕೋಶಗಳ ನಡುವಿನ ಕೊಂಡಿಗಳೇ ನೆನಪಿಡುವುದೂ ಲೆಕ್ಕ ಹಾಕುವುದೂ, ಹಳೇ ಕಾಫಿ ಹೊಸ ಟೀಯೊಳಗೆ ನುಸುಳುವುದು ಹಾಗೇ. ಇಷ್ಟೆಲ್ಲಾ ನಡೆಯುವುದು ಸುಮಾರು 20 ವ್ಯಾಟ್‌ನಲ್ಲಿ. ಆ ಗಲ್ಲಾ ಮೇಲಿನ ಟ್ಯೂಬ್‌ಲೈಟೂ ಹೆಚ್ಚುಕಡಿಮೆ ಅಷ್ಟೇ ತಿನ್ನುತ್ತದೆ, ಅಲ್ವಾ?

ದುಡ್ಡು ಕೊಟ್ಟು ಕೈ ತೊಳೆದು ಬಂದ ಮೇಲೆ ಇನ್ನೊಂದು ಪರೀಕ್ಷೆ ಮಾಡಿದೆ. "ಭಟ್ರೇ, ನಾವೇನು ತಿಂದ್ವಿ ಹೇಳಿ?" ಎರಡು ಮಸಾಲೆ ಅಂದರು, ತಲೆ ಕೆರೆದುಕೊಂಡರು, "ಬಿಲ್ ಆಯ್ತಲ್ಲ, ಹೋಯ್ತು" ಅಂದುಬಿಟ್ಟರು. ಬರ್ಲಿನ್ನಿನಲ್ಲಿ ಕುರ್ಟ್ ಲೆವಿನ್ ಅನ್ನುವ ಮನಶ್ಶಾಸ್ತ್ರದ ಮೇಷ್ಟ್ರು ವೇಟರ್‌ಗಳಲ್ಲಿ ಇದನ್ನೇ ಗಮನಿಸಿದ್ದರಂತೆ, ಅವರ ಶಿಷ್ಯೆ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಇದರ ಮೇಲೆ ಪ್ರಬಂಧ ಬರೆದರು. ಮುಗಿಯದ ಕೆಲಸ ತಲೆಯಲ್ಲಿ ಉಳಿಯುತ್ತದೆ, ಮುಗಿದದ್ದು ಜಾರುತ್ತದೆ ಅಂತ. ಆಮೇಲೆ ಬೇರೆಯವರು ಮಾಡಿನೋಡಿದಾಗ ಎಲ್ಲ ಕಡೆ ಅದೇ ಫಲಿತಾಂಶ ಬರಲಿಲ್ಲ. ಬಸವನಗುಡಿಯಲ್ಲಂತೂ ಬಂತು. ಟ್ಯಾಬ್ ಆಗಿದ್ದರೆ ಹೋದ ತಿಂಗಳ ಬಿಲ್ಲೂ ತೆಗೆದು ತೋರಿಸುತ್ತಿತ್ತು. ನಮಗಲ್ಲದಿದ್ದರೂ ಮಾಲೀಕರಿಗೆ ಅದು ಬೇಕು, ಅದಕ್ಕೇ ಎರಡೂವರೆ ಕೊಟ್ಟಿದ್ದೇನೆ.

"ಕಂಪ್ಯೂಟರ್ ತಲೆ" ಅನ್ನುವ ಮಾತನ್ನು ಅಪ್ಪ ಇನ್ನೂ ಬಿಟ್ಟಿಲ್ಲ. ಕಾಫಿಯನ್ನೂ ವಾಪಸ್ ಕಳಿಸಲಿಲ್ಲ, ಕುಡಿದರು.

ಹೋಗುವವರು ಎಂಟರೊಳಗೆ ಹೋಗಿ, ಒಳಗಿನ ಸಾಲು ಹಿಡಿಯಿರಿ. ಗುರುವಾರ ಭಟ್ರಿಗೆ ರಜೆ.