ಕ್ಲೋನ್ ಮಾಡ್ತೀವಿ ಅಂದರು, ಫಾರ್ಮ್ಯಾಟ್ ಮಾಡಿ ಕೊಟ್ಟರು

ಮೊದಲು ಮುಖ್ಯ ವಿಷಯ ಹೇಳಿಬಿಡುತ್ತೇನೆ, ಆಮೇಲೆ ನನ್ನ ಗೋಳು. ಕಂಪ್ಯೂಟರ್‌ನ ಡ್ರೈವ್ ಕ್ಲೋನ್ ಮಾಡಿಸೋಕೆ, ಅಂದರೆ ವಿಂಡೋಸ್, ಸಾಫ್ಟ್‌ವೇರ್, ಫೈಲು ಎಲ್ಲವನ್ನೂ ಇದ್ದ ಹಾಗೇ ಹೊಸ ಡ್ರೈವ್‌ಗೆ ಇಳಿಸಿಕೊಡೋಕೆ, ಅಂಗಡಿಗೆ ಕೊಡುತ್ತೀರಾ? ಹೊಸ ಡ್ರೈವ್‌ನಿಂದ ಮಷೀನ್ ಆನ್ ಆಗಿ, ನಿಮ್ಮ ಸಾಫ್ಟ್‌ವೇರ್ ಒಂದೊಂದೂ ನಿಮ್ಮ ಕಣ್ಣೆದುರೇ ತೆರೆಯೋವರೆಗೂ ಹಳೇ ಡ್ರೈವನ್ನು ಯಾರ ಕೈಗೂ ಬಿಡಬೇಡಿ. ನಾನು ಬಿಟ್ಟೆ. 2016ರಿಂದ ಕೂಡಿಟ್ಟ ಕೆಲಸ ಹೋಯಿತು.

ನನ್ನದು ತಾಲ್ಲೂಕು ಊರಿನಲ್ಲಿ ಒಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು, ಸೊಸೈಟಿಯವರ ವಾರ್ಷಿಕ ವರದಿ, ಇಷ್ಟೇ. ಪುಟ ಜೋಡಿಸೋಕೆ ಪೇಜ್‌ಮೇಕರ್ 7, ಜೊತೆಗೆ ಕನ್ನಡ ಟೈಪ್ ಮಾಡೋಕೆ ನುಡಿ. ನಗಬೇಡಿ. 2001ರ ಸಾಫ್ಟ್‌ವೇರ್ ಇಟ್ಟುಕೊಂಡು ಇನ್ನೂ ಅನ್ನ ತಿನ್ನುತ್ತಿರುವವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದೇವೆ. ಅದನ್ನು ವಿಂಡೋಸ್ 10ರಲ್ಲಿ ನೆಟ್ಟಗೆ ಓಡಿಸಲು ಒಂದು ವಾರ ಒದ್ದಾಡಿದ್ದೆ. ಅದರ ಸಿ.ಡಿ. ಎಲ್ಲಿದೆಯೋ ದೇವರಿಗೇ ಗೊತ್ತು. ಸಿಕ್ಕಿದರೂ ಹಾಕೋಕೆ ಸಿ.ಡಿ. ಡ್ರೈವ್ ಇಲ್ಲ.

ಅದಕ್ಕೇ ನನಗೆ ಕ್ಲೋನ್ ಬೇಕಿತ್ತು. ಬರೀ ಫೈಲ್ ಕಾಪಿ ಸಾಕಾಗಿದ್ದರೆ ನಾನೇ ಮಾಡಿಕೊಳ್ಳುತ್ತಿದ್ದೆ, ಅಲ್ವಾ?

ನನ್ನ ಮಷೀನ್‌ನಲ್ಲಿ 240 ಜಿಬಿ ಎಸ್‌ಎಸ್‌ಡಿ, ಅಂದರೆ ಚಿಪ್‌ನಲ್ಲಿ ಡೇಟಾ ಇಡುವ ಡ್ರೈವ್, ಇತ್ತು. ವಿಂಡೋಸ್ ಅದನ್ನು 223 ಅಂತ ತೋರಿಸುತ್ತದೆ, ಅದರಲ್ಲಿ ಉಳಿದಿದ್ದು 6 ಜಿಬಿ. ಪ್ರಿಂಟ್ ಕೊಟ್ಟರೆ ಮಷೀನ್ ಏದುಸಿರು ಬಿಡುತ್ತಿತ್ತು. ಬೆಂಗಳೂರಿಗೆ ಹೋಗಿದ್ದಾಗ ಎಸ್.ಪಿ. ರೋಡ್‌ನಲ್ಲಿ 1 ಟಿಬಿಯ ಎಸ್‌ಎಸ್‌ಡಿ ತಂದೆ. ಸೀಲ್ ಇತ್ತು, ಬಿಲ್ ಇತ್ತು, ಡ್ರೈವ್‌ನಲ್ಲಿ ಏನೂ ತಪ್ಪಿಲ್ಲ. ತಪ್ಪಾಗಿದ್ದು ಅದನ್ನು ಊರಿಗೆ ತಂದು ನಮ್ಮ ಜಿಲ್ಲಾ ಕೇಂದ್ರದ ಒಂದು ಅಂಗಡಿಗೆ ಕೊಟ್ಟಿದ್ದು. ಹೆಸರು ಹೇಳಲ್ಲ. ಗಾಜಿನ ಬಾಗಿಲು, ಏಸಿ, ಟೀ ಶರ್ಟ್ ಹಾಕಿದ ಮೂರು ಹುಡುಗರು. ಇದನ್ನೆಲ್ಲ ನೋಡಿಯೇ ನಂಬಿದ್ದು.

ಇನ್ನೊಂದು ದಡ್ಡತನ. ಇದು ಆಷಾಢದಲ್ಲಿ ಮಾಡಿಸಬೇಕಾದ ಕೆಲಸ. ಆಗ ಲಗ್ನಪತ್ರಿಕೆ ಇರಲ್ಲ, ಸುಮ್ನೆ ನೊಣ ಹೊಡೆಯುತ್ತಾ ಕೂತಿರುತ್ತೇವೆ. ನಾನು ಮಾಡಿಸಿದ್ದು ಯುಗಾದಿ ಮುಗಿದು ಮದುವೆ ಸೀಸನ್ ಶುರುವಾದಾಗ. ಯಾಕೆ ಅಂದರೆ ಜಾಗ ತುಂಬಿದ್ದು ಆಗ.

ಬೆಳಿಗ್ಗೆ 11ಕ್ಕೆ ಸಿಪಿಯು ಹೊತ್ತುಕೊಂಡು ಹೋದೆ. "ಕ್ಲೋನ್ ಮಾಡಬೇಕು, ಇದ್ದದ್ದು ಇದ್ದ ಹಾಗೇ ಬರಬೇಕು" ಅಂದೆ. "ಆಗುತ್ತೆ ಸಾರ್, 800 ರೂಪಾಯಿ, ಸಂಜೆ ಬನ್ನಿ." ಬಿಲ್ ಕೇಳಿದೆ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ '800 ಕ್ಲೋನ್' ಅಂತ ಬರೆದುಕೊಟ್ಟ. ಅದೇ ಬಿಲ್ ಅಂತೆ.

ಮಧ್ಯಾಹ್ನ ಒಂದು ಫೋನ್ ಬಂತು. ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಹುಡುಗ ಕೇಳಿದ್ದು: "ಸಾರ್, ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಬಿಟ್ಟು ಬೇರೆ ಎಲ್ಲಾದ್ರೂ ಡೇಟಾ ಇದೆಯಾ?"

ಕ್ಲೋನ್ ಮಾಡುವವನು ಈ ಪ್ರಶ್ನೆ ಕೇಳೋದಿಲ್ಲ. ಕೇಳುವ ಅಗತ್ಯವೇ ಇಲ್ಲ. ಕ್ಲೋನ್ ಅಂದರೆ ಮಷೀನ್ ಬೂಟ್ ಆಗುವ ಪುಟ್ಟ ಪಾರ್ಟಿಷನ್‌ನಿಂದ (ಡ್ರೈವ್‌ನ ಒಂದು ಭಾಗ) ಹಿಡಿದು ಕೊನೇ ರಿಕವರಿ ಪಾರ್ಟಿಷನ್‌ವರೆಗೆ ಎಲ್ಲವೂ ಹಾಗೇ ಎದ್ದು ಹೊಸ ಡ್ರೈವ್‌ಗೆ ಬರಬೇಕು. ಡೇಟಾ ಎಲ್ಲಿದೆ ಅಂತ ಕೇಳಿದ ಅಂದರೆ ಅವನು ಫೋಲ್ಡರ್ ಎತ್ತುತ್ತಿದ್ದಾನೆ ಅಂತ ಅರ್ಥ. ಇದು ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಆದರೆ ಆಗ ಎದುರಿಗೆ ಹುಡುಗಿ ಕಡೆಯವರು ಕೂತು "ಚಿಕ್ಕಪ್ಪಂದಿರ ಹೆಸರು ಮೇಲೆ ಬರಬೇಕು, ಸೋದರಮಾವ ಆಮೇಲೆ" ಅಂತ ಜಗಳ ಮಾಡುತ್ತಿದ್ದರು. "ಎಲ್ಲಾ ಬೇಕಪ್ಪ, ಎಲ್ಲಾ ಹಾಗೇ ಬರುತ್ತಲ್ವಾ?" ಅಂದೆ. "ಬರುತ್ತೆ ಸಾರ್, ಬರುತ್ತೆ" ಅಂದ. ಫೋನಿಟ್ಟೆ. ಆ ಒಂದು ನಿಮಿಷ ವಾಪಸ್ ಸಿಕ್ಕಿದರೆ ಸಾಕು ಅಂತ ಈಗ ದಿನಾ ಅನಿಸುತ್ತದೆ.

ಸಂಜೆ 6ಕ್ಕೆ ಹೋದಾಗ ಆನ್ ಮಾಡಿ ತೋರಿಸಿದರು. ಅದೇ ವಾಲ್‌ಪೇಪರ್, ನಮ್ಮ ಮನೆ ದೇವರ ಫೋಟೋ. ಡೆಸ್ಕ್‌ಟಾಪಿನಲ್ಲಿ ಅವೇ ಫೈಲುಗಳು. ಸರ್ರಂತ ಆನ್ ಆಯಿತು. ನಾನು ಖುಷಿಯಾಗಿ "ಪರವಾಗಿಲ್ಲ ಕಣಪ್ಪ" ಅಂತ ಬೆನ್ನು ತಟ್ಟಿದೆ. ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಬೆನ್ನು ತಟ್ಟಿ, 800 ಕೊಟ್ಟು, ಹುಡುಗರಿಗೆ ಟೀ ಕುಡಿಯಿರಿ ಅಂತ ಮೇಲೆ 50 ಕೊಟ್ಟು ಬಂದೆ.

ಹಳೇ ಎಸ್‌ಎಸ್‌ಡಿ ಕವರ್‌ಗೆ ಹಾಕಿ ಕೊಟ್ಟರು. "ಫಾರ್ಮ್ಯಾಟ್ ಮಾಡಿ ಕೊಟ್ಟಿದ್ದೀವಿ ಸಾರ್, ಕೇಸ್ ತಗೊಂಡ್ರೆ ಪೆನ್‌ಡ್ರೈವ್ ತರ ಬಳಸಬಹುದು." ಅಂದರೆ ಅದರಲ್ಲಿದ್ದದ್ದೆಲ್ಲ ಅಳಿಸಿ. ನಾನು ಕೇಳಿದ್ದೆನಾ? ಇಲ್ಲ. ಉಪಕಾರ ಅಂತೆ!

ಮನೆಗೆ ಬಂದು ಊಟ ಮಾಡಿ ಕೂತೆ. ಮಾರನೇ ದಿನ ಗುರುವಾರ, ಆ ಮದುವೆಯವರಿಗೆ ಪ್ರೂಫ್ ಕೊಡಬೇಕು. ಪೇಜ್‌ಮೇಕರ್ ಐಕಾನ್ ಇರಬೇಕಾದ ಜಾಗದಲ್ಲಿ ಒಂದು ಬಿಳಿ ಹಾಳೆ ಚಿತ್ರ. ಕ್ಲಿಕ್ ಮಾಡಿದೆ. ಶಾರ್ಟ್‌ಕಟ್ ಇದೆ, ಅದು ತೋರಿಸುವ ಪ್ರೋಗ್ರಾಂ ಇಲ್ಲ. ಹೊಸ ಡ್ರೈವು, ಏನೋ ಇರಬೇಕು ಅಂದುಕೊಂಡೆ. ಇನ್ನೊಂದು ಐಕಾನ್, ಅದೂ ಬಿಳಿ ಹಾಳೆ. ಅವರು ತಾವಾಗಿ ಹಾಕಿದ್ದ ಆಫೀಸ್ ಮಾತ್ರ ಇತ್ತು. ಸರಿ, ಅದರಲ್ಲಿ ನುಡಿಯಲ್ಲಿ ಟೈಪ್ ಮಾಡಿದ್ದ ಒಂದು ಪತ್ರಿಕೆ ತೆಗೆದೆ.

ಮೇಲೆ 'ಶ್ರೀ' ಇರಬೇಕಿತ್ತು. ಅಲ್ಲಿ ಇದ್ದದ್ದು ಒಂದು ಚಿಕ್ಕ 2, ಅದರ ಪಕ್ಕ ಇಂಗ್ಲಿಷಿನ ಎ ಮತ್ತು ಇ ಒಂದಕ್ಕೊಂದು ಅಂಟಿಕೊಂಡ ಅಕ್ಷರ, ಆಮೇಲೆ ತಲೆ ಮೇಲೆ ಅಲೆ ಹೊತ್ತ ದೊಡ್ಡ ಎ. 'ಕ' ಇರುವ ಕಡೆಯೆಲ್ಲ ಪಿ, ಪಕ್ಕದಲ್ಲಿ ಓರೆ ಗೆರೆ ಹೊತ್ತ ಎ. ನುಡಿಯ ಹಳೇ ಫಾಂಟ್‌ನಲ್ಲಿ ಕೆಲಸ ಮಾಡಿದವರಿಗೆ ಇದು ಗೊತ್ತು. ಫಾಂಟ್ ಇಲ್ಲ ಅಂದರೆ ಕನ್ನಡ ಹೀಗೆ ಕಾಣುತ್ತದೆ. ಫಾಂಟ್‌ಗಳು ಕೂರುವುದು ವಿಂಡೋಸ್ ಫೋಲ್ಡರ್ ಒಳಗೆ. ಕ್ಲೋನ್ ಆಗಿದ್ದರೆ ವಿಂಡೋಸ್ ಜೊತೆ ಅವೂ ಬರಬೇಕಿತ್ತು. ಬಂದಿಲ್ಲ ಅಂದರೆ ಇದು ನನ್ನ ವಿಂಡೋಸೇ ಅಲ್ಲ.

ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಒಳಗೆ ಅಬೌಟ್ ಅಂತ ಇದೆ, ಅಲ್ಲಿ ವಿಂಡೋಸ್ ಯಾವಾಗ ಇನ್‌ಸ್ಟಾಲ್ ಆಯಿತು ಅಂತ ತಾರೀಖು ಇರುತ್ತದೆ. ನೋಡಿದೆ. ಅವತ್ತಿನದೇ ತಾರೀಖು. ಅದರ ಮೇಲೆ ವಿಂಡೋಸ್ 'ಪ್ರೋ' ಆವೃತ್ತಿ ಅಂತ ಬೇರೆ. ನನ್ನದು ಹೋಮ್, ದುಡ್ಡು ಕೊಟ್ಟು ತಗೊಂಡ ಲೈಸೆನ್ಸ್. ವಿಂಡೋಸ್‌ನ ವೈರಸ್ ಕಾವಲುಗಾರ ಡಿಫೆಂಡರ್ ಆಫ್ ಆಗಿತ್ತು, ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕುವವರು ಅದನ್ನು ಯಾಕೆ ಆಫ್ ಮಾಡುತ್ತಾರೆ ಅಂತ ನೀವೇ ಊಹಿಸಿ. ಹೊಸ ಡ್ರೈವ್ ಒಟ್ಟು 931 ಜಿಬಿ ತೋರಿಸಬೇಕು, ಅದನ್ನು ಸಿ, ಡಿ ಅಂತ ಕತ್ತರಿಸಿದ್ದರು. ನನಗೆ ಡಿ ಡ್ರೈವ್ ಅಂತ ಒಂದು ಇರಲೇ ಇಲ್ಲ.

ಆಗ ನೆನಪಾಯಿತು, 'ಪತ್ರಿಕೆ' ಫೋಲ್ಡರ್. ಅದು ಡಾಕ್ಯುಮೆಂಟ್ಸ್‌ನಲ್ಲಿ ಇರಲಿಲ್ಲ. ನೇರವಾಗಿ ಸಿ ಡ್ರೈವ್‌ನಲ್ಲಿ ಇತ್ತು. 2016ರಿಂದ ಮಾಡಿದ ಪ್ರತಿ ಪತ್ರಿಕೆ ಅದರಲ್ಲಿ, ವರ್ಷದ ಲೆಕ್ಕದಲ್ಲಿ. ಹುಡುಗರು ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಇರುವ ಯೂಸರ್ಸ್ ಫೋಲ್ಡರ್ ಒಂದನ್ನು ಎತ್ತಿಕೊಂಡು, ಮಿಕ್ಕಿದ್ದನ್ನು ಫಾರ್ಮ್ಯಾಟ್ ಮಾಡಿ, 'ಉಪಕಾರ' ಮಾಡಿದ್ದರು.

ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಅಲ್ಲಿ ನಿಂತಿದ್ದೆ. ಅವರ ಉತ್ತರಗಳನ್ನು ಒಂದಾದ ಮೇಲೊಂದು ಹಾಗೇ ಬರೆಯುತ್ತೇನೆ.

ಮೊದಲು: "ಕ್ಲೋನ್ ಅಂದ್ರೆ ಇದೇ ಸಾರ್. ಡೇಟಾ ಎಲ್ಲಾ ಬಂದಿದೆಯಲ್ಲ?"

ಇನ್‌ಸ್ಟಾಲ್ ತಾರೀಖು ತೋರಿಸಿದೆ. "ಅದು ಹೊಸ ಡ್ರೈವ್ ಹಾಕಿದ ದಿನ ಸಾರ್, ಹಂಗೇ ತೋರ್ಸುತ್ತೆ." ಅಲ್ಲ. ಕ್ಲೋನ್ ಮಾಡಿದರೆ ಹಳೇ ತಾರೀಖೇ ಬರುತ್ತದೆ. ಹಾಗಾದರೆ ಹೋಮ್ ಹೋಗಿ ಪ್ರೋ ಹೇಗೆ ಬಂತು ಅಂದೆ. ಹುಡುಗ ನಗುತ್ತಾ, "ಅದು ನಾವೇ ಹಾಕಿದ್ದು ಸಾರ್, ನಿಮಗೆ ಫ್ರೀ!" ತಾನೇ ಹೊಸದಾಗಿ ಹಾಕಿದೆ ಅಂತ ತನ್ನ ಬಾಯಲ್ಲೇ ಒಪ್ಪಿಕೊಂಡ, ಪಾಪ ಅವನಿಗೆ ಅದೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಓನರ್ ಬಂದರು. ಕಥೆ ಬದಲಾಯಿತು. "ನಿಮ್ಮ ಹಳೇ ಡಿಸ್ಕಲ್ಲಿ ಬ್ಯಾಡ್ ಸೆಕ್ಟರ್ ಇತ್ತು, ಕ್ಲೋನ್ ಫೇಲ್ ಆಯ್ತು, ಅದಕ್ಕೇ ಫ್ರೆಶ್ ಹಾಕಿದ್ವಿ." ಎರಡು ನಿಮಿಷದ ಹಿಂದೆ ಕ್ಲೋನ್ ಅಂದರೆ ಇದೇ ಅಂದರು, ಈಗ ಕ್ಲೋನ್ ಆಗಲೇ ಇಲ್ಲವಂತೆ. ಹಿಂದಿನ ವಾರವಷ್ಟೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿದ್ದೆ, ಡ್ರೈವ್ ಹೆಲ್ತ್ ಶೇಕಡಾ 94 ಇತ್ತು. ಅದನ್ನೇ ಹೇಳಿದೆ. ಸರಿ, ಫೇಲೇ ಆಯಿತು ಅಂತ ಇಟ್ಟುಕೊಳ್ಳೋಣ, ಒಂದು ಫೋನ್ ಮಾಡಿ ಹೇಳೋಕೆ ಏನಾಗಿತ್ತು? ಫೇಲ್ ಆದ ಮೇಲೆ ಇದ್ದ ಒಂದೇ ಒಂದು ಕಾಪಿಯನ್ನು ಯಾರಾದರೂ ಫಾರ್ಮ್ಯಾಟ್ ಮಾಡುತ್ತಾರಾ?

ಅವರು ಕೊನೆಗೆ ಹೇಳಿದ ಮಾತು: "ಬ್ಯಾಕಪ್ ಇಟ್ಕೊಳ್ಳೋದು ಕಸ್ಟಮರ್ ಜವಾಬ್ದಾರಿ ಸಾರ್. ಗೋಡೆ ಮೇಲೆ ಬರೆದಿದೆ ನೋಡಿ." ನಿಜವಾಗಿಯೂ ಬರೆದಿತ್ತು. ಏಸಿ ಕೆಳಗೆ, ಇಂಗ್ಲಿಷಿನಲ್ಲಿ, ಎ4 ಹಾಳೆ ಮೇಲೆ. ಫಾಂಟ್ ಸೈಜ್ 12 ಇರಬಹುದು, ನನ್ನ ಕಣ್ಣು ಅದನ್ನೇ ಅಳೆಯಿತು. ಅವರು ಹೇಳಿದ್ದರಲ್ಲಿ ಸತ್ಯ ಇದ್ದದ್ದು ಅದೊಂದೇ, ಅದಕ್ಕೇ ಜಾಸ್ತಿ ಉರಿಯಿತು. ಬ್ಯಾಕಪ್ ಇರಲಿಲ್ಲ. ಒಪ್ಪುತ್ತೇನೆ. ಹೊಸ ಡ್ರೈವ್ ಬಂದ ಮೇಲೆ ಹಳೇದೇ ಬ್ಯಾಕಪ್ ಆಗುತ್ತದೆ ಅಂದುಕೊಂಡಿದ್ದೆ.

800 ವಾಪಸ್ ಕೊಡಿ ಅಂದೆ. "ಸರ್ವೀಸ್ ಮಾಡಿದ್ದೀವಲ್ಲ ಸಾರ್." ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ ಅಂದೆ. "ಮಾಡಿ ಸಾರ್, ಬಿಲ್ ನಂಬರ್ ಕೇಳ್ತಾರೆ." ವಿಸಿಟಿಂಗ್ ಕಾರ್ಡ್ ಜೇಬಲ್ಲೇ ಇತ್ತು. ಹೊರಗೆ ತೆಗೆಯಲಿಲ್ಲ.

ಆಮೇಲೆ ವಾಟ್ಸಾಪ್‌ನಲ್ಲಿ ಉದ್ದುದ್ದ ಬರೆದೆ. ನೀಲಿ ಟಿಕ್ ಬಂತು. ಉತ್ತರ ಇಲ್ಲ. ಮತ್ತೆ ಬರೆದೆ. ಒಂದು ಹೆಬ್ಬೆರಳು ಬಂತು. ಅಕ್ಷಯ ತೃತೀಯ, ಬಸವ ಜಯಂತಿ ದಿನ ಅಂಗಡಿ ಲೋಗೋ ಹಾಕಿದ ಶುಭಾಶಯ ಬಂತು, ಕೆಳಗೆ ಎಸ್‌ಎಸ್‌ಡಿ ಅಪ್‌ಗ್ರೇಡ್ ಆಫರ್.

ಬೆಂಗಳೂರಿನ ಒಬ್ಬ ಡೇಟಾ ರಿಕವರಿಯವರನ್ನು ಕೇಳಿದೆ. ಹಾರ್ಡ್‌ಡಿಸ್ಕ್ ಆಗಿದ್ದರೆ ಏನಾದರೂ ಸಿಗುತ್ತಿತ್ತು ಅಂದರು. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅಂತ ಇರುತ್ತದೆ. ಫಾರ್ಮ್ಯಾಟ್ ಕೊಟ್ಟ ಕೂಡಲೇ ವಿಂಡೋಸ್ 'ಈ ಜಾಗ ಇನ್ನು ಬೇಡ' ಅಂತ ಡ್ರೈವ್‌ಗೆ ಹೇಳುತ್ತದೆ, ಡ್ರೈವ್ ತನ್ನ ಪಾಡಿಗೆ ಒಳಗೊಳಗೇ ಒರೆಸಿಕೊಂಡು ಹೋಗುತ್ತದೆ. ಸುಮ್ನೆ ದುಡ್ಡು ಹಾಳು ಮಾಡಬೇಡಿ ಅಂದರು. ಈ ಕಥೆಯಲ್ಲಿ ನೇರವಾಗಿ ಮಾತಾಡಿದವರು ಅವರೊಬ್ಬರೇ.

ನುಡಿಯನ್ನು ಮತ್ತೆ ಇಳಿಸಿಕೊಂಡೆ, ಅದು ಸಿಗುತ್ತದೆ. ಪೇಜ್‌ಮೇಕರ್‌ಗೆ ಮೂರು ಊರು ಫೋನ್ ಮಾಡಿದೆ, ಕೊನೆಗೆ ಒಬ್ಬ ಹಳೇ ಸ್ನೇಹಿತನ ಹತ್ತಿರ ಸಿ.ಡಿ. ಸಿಕ್ಕಿತು. ಫೈಲುಗಳು ಮಾತ್ರ ಹೋದವು. ಗಿರಾಕಿಗಳಿಗೆ ವಾಟ್ಸಾಪ್‌ನಲ್ಲಿ ಕಳಿಸಿದ್ದ ಪ್ರೂಫ್‌ಗಳು ಉಳಿದಿವೆ, ಆದರೆ ಅವು ಬರೀ ಚಿತ್ರ. ತಿದ್ದೋಕೆ ಬರಲ್ಲ. ನೋಡಿಕೊಂಡು ಮೊದಲಿನಿಂದ ಟೈಪ್ ಮಾಡಬೇಕು.

ಮೊನ್ನೆ ಮನೆಯ ಲ್ಯಾಪ್‌ಟಾಪ್‌ಗೆ ಅಕ್ಕನ ಮಗ ಕ್ಲೋನ್ಝಿಲ್ಲಾ ಹಾಕಿ ನನ್ನ ಎದುರೇ ಕ್ಲೋನ್ ಮಾಡಿದ. ಪುಕ್ಕಟೆ ಸಾಫ್ಟ್‌ವೇರ್. ಕಷ್ಟವೂ ಇಲ್ಲ ಕಣ್ರೀ! ಮೊದಲು ಡ್ರೈವ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದೆಯಾ ನೋಡಿ ಆಫ್ ಮಾಡಿಸಿದ. ಇಲ್ಲದಿದ್ದರೆ ಹೊಸ ಡ್ರೈವ್ ಹಾಕಿದ ಮೇಲೆ 48 ಅಂಕಿಯ ಕೀ ಕೇಳಿ ಕೂತುಬಿಡಬಹುದು. ಕ್ಲೋನ್ ಆದಮೇಲೆ ಸಿ ಡ್ರೈವ್ ಹಳೇ ಸೈಜಲ್ಲೇ ಇತ್ತು, ಮಿಕ್ಕಿದ ಜಾಗ ಖಾಲಿ ಬಿದ್ದಿತ್ತು, ನಡುವೆ ರಿಕವರಿ ಪಾರ್ಟಿಷನ್ ಅಡ್ಡ. ಅದಕ್ಕೇ ಸಿ ಹಿಗ್ಗಿಸುವ ಎಕ್ಸ್‌ಟೆಂಡ್ ಅನ್ನೋದು ಮಬ್ಬಾಗಿ ಒತ್ತೋಕೇ ಬರುತ್ತಿರಲಿಲ್ಲ. ಆ ರಿಕವರಿ ಪಾರ್ಟಿಷನ್ ಅನ್ನು ಡ್ರೈವ್‌ನ ಕೊನೆಗೆ ಸರಿಸಿ ಸಿ ಹಿಗ್ಗಿಸಿದ. ಆನ್ ಮಾಡುವ ಮುಂಚೆ ಹಳೇ ಡ್ರೈವ್ ಬಿಚ್ಚಿ ಪಕ್ಕಕ್ಕಿಟ್ಟ. ಎರಡೂ ಇದ್ದರೆ ಹಳೇದರಿಂದಲೇ ಬೂಟ್ ಆಗಿ, ಕ್ಲೋನ್ ಸರಿಯಾಗಿದೆ ಅಂತ ನಾವೇ ಮೋಸ ಹೋಗಬಹುದಂತೆ. ಹಳೇದನ್ನು ಒಂದು ತಿಂಗಳು ಮುಟ್ಟಬೇಡ ಮಾವ ಅಂದ. ಇಪ್ಪತ್ತು ವರ್ಷದ ಹುಡುಗ.

ಅಂಗಡಿಗೇ ಕೊಡುವುದಾದರೆ ಬಿಲ್ಲಿನಲ್ಲಿ 'ಹಳೇ ಡ್ರೈವ್ ಅಳಿಸುವುದಿಲ್ಲ' ಅಂತ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ಸಿಪಿಯು ಎತ್ತಿಕೊಂಡು ಬನ್ನಿ. ಡೇಟಾ ಎಲ್ಲಿದೆ ಅಂತ ಫೋನ್ ಬಂದರೆ ಕೆಲಸ ನಿಲ್ಲಿಸು ಅನ್ನಿ, ಎದುರಿಗೆ ಯಾರ ಸೋದರಮಾವ ಕೂತಿದ್ದರೂ ಸರಿ.

ಆ ಗುರುವಾರದ ಪ್ರೂಫ್ ಶನಿವಾರ ಕೊಟ್ಟೆ. ಮದುವೆಯವರು ಬೈದರು, ಬೈಸಿಕೊಂಡೆ. ನಾಳೆ ಒಬ್ಬರು ಬರುತ್ತಾರೆ. 2019ರಲ್ಲಿ ಅವರ ದೊಡ್ಡ ಮಗಳ ಮದುವೆಗೆ ನಾನೇ ಪತ್ರಿಕೆ ಮಾಡಿದ್ದೆ. ಚಿಕ್ಕ ಮಗಳಿಗೂ ಅದೇ ತರ, ಹೆಸರು ಮಾತ್ರ ಬದಲಾಯಿಸಿ ಕೊಡಿ, ಅರ್ಧ ಗಂಟೆ ಕೆಲಸ ಅಲ್ವಾ ಅಂದಿದ್ದಾರೆ. ಹ್ಞೂ ಅಂದುಬಿಟ್ಟಿದ್ದೇನೆ.